ಪ್ರೀತಿ ನನ್ನದು, ಎಲುಬು ಅದರದು

ಮುಧೋಳದ ಹತ್ತಿರದ ಹಳ್ಳಿಯೊಂದರಿಂದ ಎರಡು ತಿಂಗಳ ಬೇಟೆನಾಯಿ ಮರಿಯೊಂದನ್ನು ಧಾರವಾಡದ ನಮ್ಮ ಮನೆಗೆ ತಂದೆ. ಮರಿ ಕೊಟ್ಟ ಕುರಿಗಾಹಿ ಹಿರಿಯರು ಹೊರಡುವಾಗ ಒಂದು ಮಾತು ಹೇಳಿದ್ದರು: "ತಮ್ಮಾ, ನಾಯಿಗೆ ಹಾಕೂದು ಹಗುರ ಐತಿ, ತಿಳಕೊಂಡು ಹಾಕೂದು ತ್ರಾಸ ಐತಿ." ನಾನು ನಕ್ಕು ತಲೆಯಾಡಿಸಿದೆ. ಆ ಮಾತು ಅರ್ಥವಾಗಲು ನನಗೆ ಮೂರು ತಿಂಗಳು ಮತ್ತು ಒಂದು ಎಕ್ಸ್‌ರೇ ಬೇಕಾಯಿತು.

ನಮ್ಮದು ಮಾಂಸ ತಿನ್ನದ ಮನೆ. ಮೊದಮೊದಲು ನಾವು ಉಂಡದ್ದೇ ಮರಿಗೂ ಊಟ: ಮೊಸರನ್ನ, ಚಪಾತಿ, ಸಾರು ಕಲಸಿದ ಅನ್ನ. ಮರಿ ಸೊರಗತೊಡಗಿತು. ಆಗ ನನ್ನೊಳಗಿನ ಓದುಗ ಎಚ್ಚೆತ್ತ. ಗಾಳಿಯ ಹಾಗೆ ಓಡುವ ತಳಿ, ಮೊಲದ ಬೆನ್ನು ಹತ್ತಿದ ವಂಶ. ಇದಕ್ಕೆ ಮೊಸರನ್ನ ಹಾಕುವುದು ಇದರ ಹುಟ್ಟಿಗೇ ಅವಮಾನ ಅನ್ನಿಸಿತು. ಅನ್ನ, ಹಾಲು ಎಲ್ಲ ನಿಲ್ಲಿಸಿದೆ. ಹಿತ್ತಲಲ್ಲಿ ಬೇರೆ ಸ್ಟವ್ ಇಟ್ಟು ದಿನವೂ ಎಲುಬಿಲ್ಲದ ಕೋಳಿಮಾಂಸ ಬೇಯಿಸಿ ಹಾಕಿದೆ. ಅದು ಬಾಲ ಅಲ್ಲಾಡಿಸುತ್ತ ತಟ್ಟೆ ನೆಕ್ಕುವುದನ್ನು ನೋಡಿದಾಗ ನಾನೇ ದೊಡ್ಡ ದಾನಿಯಾದಂತೆ ಬೀಗುತ್ತಿದ್ದೆ.

ಐದನೇ ತಿಂಗಳಲ್ಲಿ ಅದರ ಮುಂಗಾಲುಗಳು ಹೊರಕ್ಕೆ ಬಾಗಿದವು. ಏಳುವಾಗ ಕುಂಯ್ಗುಡುತ್ತಿತ್ತು. ಪಶುವೈದ್ಯರು ಎಕ್ಸ್‌ರೇ ನೋಡಿ, "ಏನು ಹಾಕ್ತೀರಿ?" ಎಂದು ಕೇಳಿದರು. "ಬರೀ ಚಿಕನ್ ಸರ್, ಬೋನ್‌ಲೆಸ್" ಎಂದೆ, ಹೆಮ್ಮೆಯಿಂದಲೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ವಿವರಿಸಿದರು. ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ತೀರ ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ಸ್ನಾಯು, ನರಗಳ ಕೆಲಸ ಕೆಡುತ್ತದೆ. ಅದಕ್ಕೇ ದೇಹ ತನ್ನ ಎಲುಬಿನಿಂದಲೇ ಅದನ್ನು ಕಿತ್ತು ರಕ್ತಕ್ಕೆ ಕೊಡುತ್ತದೆ. ಬೆಳೆಯುವ ಮರಿಯಲ್ಲಿ ಹೀಗಾದರೆ ಎಲುಬು ತೆಳುವಾಗಿ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಅಂದರೆ ನನ್ನ ಮರಿ ದಿನವೂ ಹೊಟ್ಟೆತುಂಬ ಉಣ್ಣುತ್ತ ತನ್ನನ್ನೇ ತಾನು ತಿನ್ನುತ್ತಿತ್ತು.

ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದರು: "ನೀನೇನು ಬೇಕಂತ ಮಾಡಿದಿಯಾ? ಪ್ರೀತಿಯಿಂದಲೇ ಹಾಕಿದ್ದಲ್ಲ?" ಈ ಸಮಾಧಾನವೇ ನನ್ನನ್ನು ಹೆಚ್ಚು ಕಾಡಿತು. ಪ್ರೀತಿಯಿಂದ ಮಾಡಿದ ಹಾನಿ ತಪ್ಪೋ ಅಲ್ಲವೋ?

ಹದಿನೆಂಟನೇ ಶತಮಾನದ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ನಾಯಿಯದೇ ಉದಾಹರಣೆ ಕೊಡುತ್ತಾನೆ. ಬಹುಕಾಲ ದುಡಿದು ಮುಪ್ಪಾದ ನಾಯಿಯನ್ನು ಯಜಮಾನ ಗುಂಡಿಟ್ಟು ಕೊಂದರೆ, ಅವನು ನಾಯಿಯ ಕಡೆಗಿನ ಕರ್ತವ್ಯ ಮುರಿದಂತಲ್ಲ. ತನ್ನೊಳಗಿನ ಮನುಷ್ಯತ್ವವನ್ನು ಕೆಡಿಸಿಕೊಂಡಂತೆ. ಪ್ರಾಣಿಗೆ ಕ್ರೂರಿಯಾದವನು ಮನುಷ್ಯರಿಗೂ ಕ್ರೂರಿಯಾಗುತ್ತಾನೆ ಎಂಬುದು ಅವನ ವಾದ. ವಿದ್ಯಾರ್ಥಿಯಾಗಿದ್ದಾಗ ಈ ಮಾತು ನನಗೆ ಹಿಡಿಸಿತ್ತು. ಈಗ ಅದೇ ಅಳತೆಗೋಲನ್ನು ನನಗೇ ಹಿಡಿದು ನೋಡಿದೆ. ನನ್ನ ಮನಸ್ಸು ಕೆಟ್ಟಿರಲಿಲ್ಲ; ಮರಿಯ ಮೇಲಿನ ಅಕ್ಕರೆ ಹೆಚ್ಚೇ ಆಗಿತ್ತು. ಕಾಂಟನ ಲೆಕ್ಕದಲ್ಲಿ ನಾನು ಬಹುಶಃ ನಿರಪರಾಧಿ. ಆದರೆ ಅಂಗಳದಲ್ಲಿ ಸೊಟ್ಟಗಾಲಿನ ಮರಿಯೊಂದು ನಿಂತಿತ್ತು. ಪ್ರೀತಿ ನನ್ನದು, ಬಾಗಿದ ಎಲುಬು ಅದರದು. ನನ್ನ ಒಳ್ಳೆಯತನದ ಲೆಕ್ಕದಲ್ಲಿ ಅದರ ಎಲುಬಿಗೆ ಜಾಗವೇ ಇಲ್ಲದಿದ್ದರೆ, ಆ ಲೆಕ್ಕದಲ್ಲೇ ಏನೋ ಕೊರತೆಯಿದೆ.

ನಾಯಿಗೂ ನಮಗೂ ಇರುವ ಸಂಬಂಧವನ್ನು ಗಮನಿಸಿ. ಬಾಗಿಲು ಹಾಕುವವರು ನಾವು, ಹಗ್ಗ ಹಿಡಿಯುವವರು ನಾವು. ಯಾವುದು ಊಟ, ಎಷ್ಟು, ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡುವವರೂ ನಾವೇ. ಬೀದಿನಾಯಿ ಒಂದು ಮನೆಯಲ್ಲಿ ಸಿಗದ್ದನ್ನು ಇನ್ನೊಂದು ತಿಪ್ಪೆಯಲ್ಲಿ ಹುಡುಕೀತು. ಕಟ್ಟಿಹಾಕಿದ ನಾಯಿಗೆ ಆ ದಾರಿಯೂ ಇಲ್ಲ. ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುವ ಸ್ವಾತಂತ್ರ್ಯವನ್ನು ಒಂದು ಜೀವದಿಂದ ಕಿತ್ತುಕೊಂಡ ಮೇಲೆ, ಆ ಆಹಾರದ ತಿಳಿವಳಿಕೆ ನಮ್ಮ ಸಾಲವಾಗುತ್ತದೆ. ಅಲ್ಲಿಂದ ಮುಂದೆ ಗೊತ್ತಿರಲಿಲ್ಲ ಎಂಬುದು ಪೂರ್ತಿ ನೆಪವಾಗಲಾರದು.

ಇನ್ನೊಂದು ಪ್ರಶ್ನೆ ಎತ್ತಿದವಳು ಅವ್ವ: "ಒಂದು ಜೀವ ಸಾಕಲಿಕ್ಕೆ ದಿನಾ ಇನ್ನೊಂದು ಜೀವ ತೆಗೀಬೇಕೇನೋ?" ಇದನ್ನು ಮಡಿಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಕೋಳಿಗೂ ಜೀವವಿದೆ, ಪ್ರಶ್ನೆ ನಿಜವಾದದ್ದೇ.

ವಿಜ್ಞಾನ ಇಲ್ಲಿ ಅವ್ವನಿಗೂ ಅರ್ಧ ದಾರಿ ಬಿಟ್ಟುಕೊಡುತ್ತದೆ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಅರಗಿಸುವ ಕಿಣ್ವದ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯರ ಒಲೆಯ ಪಕ್ಕದಲ್ಲಿ ಬಾಳಿದ ನಾಯಿಯ ಹೊಟ್ಟೆ ನಮ್ಮ ಧಾನ್ಯಕ್ಕೆ ಒಗ್ಗಿಕೊಂಡಿದೆ. ಬೆಕ್ಕಿನ ಹಾಗೆ ಅದಕ್ಕೆ ಮಾಂಸ ಬಿಟ್ಟರೆ ಗತಿಯಿಲ್ಲ ಎಂದಲ್ಲ. ಹಾಗೆಂದು ಮೊಸರನ್ನವೊಂದೇ ಓಡುವ ನಾಯಿಗೆ ಸಾಲದು. ಅದರ ಸ್ನಾಯುವಿಗೆ ಬೇಕಾದಷ್ಟು ಪ್ರೋಟೀನ್ ಅದರಲ್ಲಿಲ್ಲ. ಒಟ್ಟಿನಲ್ಲಿ ಅವ್ವನ ಅಹಿಂಸೆಯನ್ನಾಗಲಿ ನನ್ನ ಬೇಟೆಯ ಕನಸನ್ನಾಗಲಿ ನಾಯಿಯ ತಟ್ಟೆಗೆ ಹಾಗೇ ಬಡಿಸುವಂತಿರಲಿಲ್ಲ. ಎರಡೂ ನಮ್ಮ ಹಸಿವುಗಳೇ.

ಹಳ್ಳಿಗೆ ಮತ್ತೆ ಹೋಗಿ ಆ ಹಿರಿಯರನ್ನು ಕೇಳಿದೆ: "ಕಾಕಾ, ನೀವು ಏನು ಹಾಕ್ತೀರಿ?" ಜೋಳದ ನುಚ್ಚು, ರೊಟ್ಟಿ, ಹಾಲು, ಸಿಕ್ಕಾಗ ತತ್ತಿ, ಹಬ್ಬಕ್ಕೆ ಕುರಿ ಕೊಯ್ದರೆ ಅದರಲ್ಲೊಂದಿಷ್ಟು. ಬಡತನದ ಊಟ ಎಂದು ನಾನು ಮನಸ್ಸಿನಲ್ಲೇ ಕೀಳುಗಳೆದಿದ್ದ ಆ ತಟ್ಟೆಯಲ್ಲಿ ಹಾಲಿನ ಕ್ಯಾಲ್ಸಿಯಂ ಇತ್ತು, ತತ್ತಿಯ ಪ್ರೋಟೀನ್ ಇತ್ತು. ಅದು ಪರಿಪೂರ್ಣ ಊಟವೆಂದು ನಾನು ಹೇಳುತ್ತಿಲ್ಲ. ಆದರೆ ನಾಯಿಯನ್ನು ತಲೆತಲಾಂತರದಿಂದ ನೋಡಿದ ಕಣ್ಣು ಅದರ ಹಿಂದಿತ್ತು.

ನೋಡುವುದೂ ಕಲಿಯಬೇಕಾದ ಕೆಲಸವೇ. ಮುಧೋಳ ನಾಯಿಯ ಕೊನೆಯ ಪಕ್ಕೆಲುಬುಗಳು ತುಸು ಕಾಣಬೇಕು, ಹೊಟ್ಟೆ ಒಳಕ್ಕೆ ಸೆಳೆದುಕೊಂಡಿರಬೇಕು. ಆ ಮೈಕಟ್ಟು ಓಟಕ್ಕಾಗಿಯೇ ಇರುವುದು. ವಾಕಿಂಗ್ ಹೋದಾಗಲೆಲ್ಲ "ಪಾಪ, ಊಟ ಹಾಕೂದಿಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ಅವರ ಬಾಯಿ ಮುಚ್ಚಿಸಲೆಂದು ಇನ್ನೆರಡು ಹಿಡಿ ಹೆಚ್ಚು ಹಾಕಿದರೆ ಅದು ನಾಯಿಗೆ ಹಾಕಿದ್ದಲ್ಲ, ನನ್ನ ಮರ್ಯಾದೆಗೆ ಹಾಕಿದ್ದು. ಇನ್ನು ಓಡುವ ಶಕ್ತಿ ತುಂಬಿಸಿ ಓಡಲು ಬಿಡದಿರುವುದೂ ಅನ್ಯಾಯವೇ. ಬೇಟೆಯಂತೂ ಈಗ ಅಪರಾಧ. 1972ರ ವನ್ಯಜೀವಿ ಕಾಯ್ದೆ ಇದೆ, ಇರಬೇಕಾದದ್ದೇ. ಹಾಗಾಗಿ ದಿನಾ ಬೆಳಿಗ್ಗೆ ಊಟಕ್ಕೆ ಮೊದಲು ಬಯಲಲ್ಲಿ ಅದನ್ನು ಓಡಿಸುತ್ತೇನೆ. ಉಂಡ ಕೂಡಲೇ ಓಡಿಸುವುದಿಲ್ಲ. ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು, ಅದು ಜೀವಕ್ಕೇ ಬರಬಹುದು.

ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕಥೆ ನಮಗೆಲ್ಲ ಗೊತ್ತು. ಸ್ವರ್ಗದ ಬಾಗಿಲಲ್ಲಿ ಅವನು ತೋರಿದ ನಿಷ್ಠೆ ದೊಡ್ಡದು. ಆದರೆ ನಮ್ಮಂಥವರ ಪರೀಕ್ಷೆ ನಡೆಯುವುದು ಅಡುಗೆಮನೆಯ ಬಾಗಿಲಲ್ಲಿ, ದಿನಕ್ಕೆರಡು ಸಲ. ಅಲ್ಲಿ ಯಾವ ದೇವತೆಯೂ ನೋಡುತ್ತಿರುವುದಿಲ್ಲ.

ಈಗ ನಮ್ಮ ನಾಯಿಗೆ ಎರಡು ವರ್ಷ. ಎಡಗಾಲು ನೇರವಾಯಿತು; ಬಲಗಾಲಿನಲ್ಲಿ ಸಣ್ಣ ಬಾಗು ಉಳಿದಿದೆ, ಉಳಿಯುತ್ತದೆ. ನುಚ್ಚು, ತತ್ತಿ, ಮೊಸರು, ಬೇಯಿಸಿದ ಕುಂಬಳಕಾಯಿ, ವೈದ್ಯರು ಅಳತೆ ಹೇಳಿದ ಕ್ಯಾಲ್ಸಿಯಂ ಪುಡಿ. ವಾರಕ್ಕೆರಡು ದಿನ ಕೋಳಿ. ಆ ಕೋಳಿಗಳ ಲೆಕ್ಕ ನನ್ನ ತಲೆಯ ಮೇಲಿದೆ, ಅವ್ವನ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ ಎಂದು ವೈದ್ಯರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ನಿನ್ನೆ ಪಲ್ಯಕ್ಕೆ ಕುಂಬಳಕಾಯಿ ಬೇಯಿಸಿದವಳು, ಒಗ್ಗರಣೆಗೆ ಉಳ್ಳಾಗಡ್ಡಿ ಹಾಕುವ ಮೊದಲೇ ನಾಲ್ಕು ಹೋಳು ತೆಗೆದು ಬೇರೆ ಬಟ್ಟಲಿಗೆ ಹಾಕಿಟ್ಟಳು. ನಾನು ಹೇಳಿರಲಿಲ್ಲ.