ರೆಕ್ಕೆ ಮುರಿದದ್ದು ಯಾಕೆ?

*ದಿನದ ಚಿಂತನೆ – ಅಕ್ಟೋಬರ್ 15*



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದ ಧಮ್ಮದೀಕ್ಷೆಯ ಬಗ್ಗೆ ನಿನ್ನೆ ಎಲ್ಲರೂ ಚೆನ್ನಾಗಿ ಬರೆದಿರಿ. ಇಂದಿನ ಸರದಿ ನನ್ನದು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಮಾತುಗಾರನಲ್ಲ. ನನ್ನ ಮೇಜಿನ ಮೇಲೆ ಇರುವುದನ್ನೇ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಹಳೆಯ ಕಾಲದ ಸಣ್ಣ ವಿಮಾನಗಳ ಮಾದರಿ ಜೋಡಿಸುವ ಹುಚ್ಚು ಹತ್ತಿದೆ. ಉಚ್ಚಂಗಿದುರ್ಗದ ಕೋಟೆ ಕೆಳಗೆ ಕೂತು ವಿಮಾನ ಮಾಡುತ್ತಾನೆ ಅಂತ ಓಣಿಯವರು ನಗುತ್ತಾರೆ, ನಗಲಿ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೌಕಟ್ಟಿಗೆ ಹತ್ತಿಕೊಂಡ ಬಿಡಿಭಾಗಗಳು ಬರುತ್ತವೆ. ಬ್ಲೇಡಿನಿಂದ ಬಿಡಿಸಬೇಕು, ಉಪ್ಪುಕಾಗದದಿಂದ ಉಜ್ಜಬೇಕು, ಅಂಟು ಹಾಕುವ ಮೊದಲು ಒಂದು ಸಾರಿ ಸುಮ್ಮನೆ ಜೋಡಿಸಿ ನೋಡಬೇಕು. ದಿಢೀರ್ ಒಣಗುವ ಅಂಟು ಹಾಕಿದರೆ ಅದರ ಹೊಗೆಗೆ ಗಾಜಿನ ಭಾಗ ಬೆಳ್ಳಗಾಗುತ್ತದೆ. ನನ್ನ ಮೊದಲ ಎರಡು ವಿಮಾನಗಳಿಗೆ ಕಣ್ಣಿಗೆ ಪೊರೆ ಬಂದ ಹಾಗಿದೆ!

ಈಗ ಮಾಡುತ್ತಿರುವುದು ಪುಸ್ ಮಾತ್. ಒಂದೇ ಎಂಜಿನ್ನು, ಪೈಲಟ್ ಬಿಟ್ಟರೆ ಇಬ್ಬರು ಕೂರುವಷ್ಟು ಜಾಗ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್ ಚಿಲ್ಲರೆ. ನನ್ನದು ಅದರ 72ನೇ ಒಂದು ಪಾಲು, ಗೇಣುದ್ದವೂ ಇಲ್ಲ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. 1932ರ ಅಕ್ಟೋಬರ್ 15ರಂದು, ಇದೇ ತಾರೀಖು, ಜೆ.ಆರ್.ಡಿ. ಟಾಟಾ ಪುಸ್ ಮಾತ್‌ನಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿ ಮೇಲೆಯೇ. ಪೂನಾ ಒಪ್ಪಂದಕ್ಕೆ ಸಹಿ ಬಿದ್ದು ಆಗ ಮೂರೇ ವಾರ. ಕಾಗದಕ್ಕೆ ರೆಕ್ಕೆ ಬಂದ ಆ ದಿನ ನಮ್ಮ ಕೇರಿಯವರಿಗೆ ಊರಬಾವಿಯ ನೀರು ಇರಲಿಲ್ಲ.

ಹೋದ ವಾರ ಈ ವಿಮಾನದ ಒಂದು ಸಣ್ಣ ಸರಳು ಕಳೆದುಹೋಯಿತು. ಸೂಜಿಯಷ್ಟು ತೆಳು. ನೆಲವೆಲ್ಲ ತಡಕಾಡುವಾಗ ಅಕ್ಕ ಕೇಳಿದಳು, "ಅಷ್ಟು ಸಣ್ಣದ್ದು ಇಲ್ದಿದ್ರೆ ಏನಾತು, ತಮ್ಮಾ?"

ಹೇಳಿದೆ. ಈ ವಿಮಾನಗಳು 1930ರಿಂದ ಒಂದರ ಹಿಂದೆ ಒಂದು ಆಕಾಶದಲ್ಲೇ ರೆಕ್ಕೆ ಮುರಿದು ಬಿದ್ದವು. ಮೊದಲನೆಯದು ಆಸ್ಟ್ರೇಲಿಯಾದಲ್ಲಿ. ಕೂತವರು ಸತ್ತರು. ಹೊಸ ವಿಮಾನ, ಒಳ್ಳೆಯ ಎಂಜಿನ್ನು, ಆದರೂ ಬಿದ್ದವು. ತನಿಖೆ ಮಾಡಿದರು, ಪರೀಕ್ಷೆ ಮಾಡಿದರು. ರೆಕ್ಕೆಯನ್ನು ಹಿಡಿದ ಆಧಾರದ ಸರಳಿಗೆ ಬಿರುಗಾಳಿಯಲ್ಲಿ ಬಲ ಸಾಲದು ಎಂದು ಗೊತ್ತಾಯಿತು. ಅದರ ನಡುವಿಗೆ ಇನ್ನೊಂದು ಸಣ್ಣ ಸರಳು ಕೊಟ್ಟು ಬಿಗಿ ಮಾಡಿದರು. ನಾನು ಹುಡುಕುತ್ತಿದ್ದದ್ದು ಅದನ್ನೇ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸತ್ತೋರ ಹಣೆಬರ ಅಂತ ಅವ್ರು ಬಿಡ್ಲಿಲ್ಲ ಹಂಗಾರೆ" ಅಂದಳು.

ಬಂಧುಗಳೇ, ನನ್ನ ಅಕ್ಕನಿಗೆ ಹನ್ನೊಂದನೇ ವಯಸ್ಸಿಗೆ ಇದೇ ಊರಿನ ಗುಡ್ಡದ ಮೇಲೆ, ಭರತ ಹುಣ್ಣಿಮೆಯಲ್ಲಿ, ಮುತ್ತು ಕಟ್ಟಿದರು. ಮದ್ರಾಸ್ ಪ್ರಾಂತ್ಯದಲ್ಲಿ ಅದರ ವಿರುದ್ಧ 1947ರಲ್ಲೇ ಕಾನೂನು ಬಂದಿತ್ತು, ನಮ್ಮ ಹರಪನಹಳ್ಳಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಅಕ್ಕನಿಗೆ ಮೊದಲನೆಯದು ಮುಟ್ಟಲಿಲ್ಲ, ಎರಡನೆಯದು ತಡವಾಯಿತು.

ಅವತ್ತು ಅವಳು ತಾನೇ ಒಂದೊಂದಾಗಿ ಬಿಚ್ಚಿಟ್ಟಳು. "ತಲಿಗೆ ಜಡಿ ಬಂತು, ತಾಯಿ ಕರದಾಳ ಅಂದ್ರು. ಮನ್ಯಾಗ ಎಣ್ಣಿ ಇದ್ದಿಲ್ಲ, ಬಾಚಣಿಕಿ ಇದ್ದಿಲ್ಲ. ಜಡಿ ಬರ್ದ ಏನ್ ಬರ್ತತಿ? ಅಪ್ಪಗ ಗಂಡು ಮಕ್ಳು ಇದ್ದಿಲ್ಲ. ಮುತ್ತು ಕಟ್ಟಿದ ಮಗಳು ಮನಿ ಬಿಟ್ಟು ಹೋಗಲ್ಲ, ದುಡ್ದು ಹಾಕ್ತಾಳ ಅಂತ ಲೆಕ್ಕ. ಸಾಲ ಬ್ಯಾರೆ ಇತ್ತು." ಆಮೇಲೆ ನಕ್ಕು, "ಮರುವರ್ಷ ನೀ ಹುಟ್ಟಿದಿ" ಅಂದಳು.

ಪಟಿಚ್ಚ ಸಮುಪ್ಪಾದದ ಮೇಲೆ ನಮ್ಮ ವೃತ್ತದಲ್ಲಿ ಮೂರು ಭಾನುವಾರ ಚರ್ಚೆ ಮಾಡಿದ್ದೇವೆ. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ, ಕಾರಣ ತೆಗೆದರೆ ಫಲವೂ ಇಲ್ಲ ಎಂದು ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಜನ್ಮದ ಕರ್ಮದಿಂದ ಈಗಿನ ಬಡತನ ಎನ್ನುವ ಮಾತು ಸಮಾಜವನ್ನೂ ಸರ್ಕಾರವನ್ನೂ ಹೊಣೆಯಿಂದ ಪಾರು ಮಾಡುತ್ತದೆ ಎಂಬುದು ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇದೆ. ಅದನ್ನೂ ಓದಿ ಹೇಳಿದ್ದೆ. ತಮ್ಮನನ್ನೂ ಪಾರು ಮಾಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ನನ್ನ ಐಟಿಐ ಫೀಸು ಅಕ್ಕ ಕಳೆ ತೆಗೆದ ಕೂಲಿ. ನನಗೆ ಹೆಣ್ಣು ಕೊಡುವವರು ಬಂದ ದಿನ ಅವಳನ್ನು ಒಳಮನೆಯಲ್ಲಿ ಕೂರಿಸಿದ್ದೆವು. "ನಿನ್ನ ಹಣೆಬರ ಅಕ್ಕಾ, ಏನ್ ಮಾಡೋದು" ಎಂದು ನಾನೇ ಅವಳಿಗೆ ಸಮಾಧಾನ ಹೇಳುತ್ತಿದ್ದೆ. ದೀಕ್ಷೆ ತಗೊಂಡ ಮೇಲೂ ಹೇಳಿದ್ದೇನೆ. ಇಪ್ಪತ್ತೆರಡು ಪ್ರತಿಜ್ಞೆ ಬಾಯಿಪಾಠ ಇದ್ದ ಬಾಯಲ್ಲೇ.

ಅವತ್ತು ಸಂಜೆ ಅವಳ ಹತ್ತಿರ ತಪ್ಪಾಯಿತು ಎಂದೆ. "ನೀ ಆಗ ಹುಟ್ಟೇ ಇದ್ದಿಲ್ಲ, ಅದು ನಿನ್ನ ತಪ್ಪಲ್ಲ. ಆಮ್ಯಾಲಿಂದು ನಿಂದೇ" ಅಂದಳು. ಇದಕ್ಕಿಂತ ಸರಿಯಾಗಿ ಪಾಲು ಹಚ್ಚಿಕೊಡುವುದು ಯಾವ ಭಂತೇಜಿಗೂ ಆಗುತ್ತಿರಲಿಲ್ಲ.

ಸರಳು ಸಿಗಲೇ ಇಲ್ಲ. ಉಳಿದ ಚೌಕಟ್ಟಿನ ಒಂದು ತುಂಡನ್ನು ಮೇಣದಬತ್ತಿಯ ಮೇಲೆ ಬಿಸಿ ಮಾಡಿ, ಮೆತ್ತಗಾದ ಮೇಲೆ ಎರಡೂ ಕಡೆ ಹಿಡಿದು ಎಳೆದರೆ ದಾರದಂತೆ ತೆಳ್ಳಗೆ ಬರುತ್ತದೆ. ಹಾಗೆ ಎಳೆದು, ಅಳತೆಗೆ ಕತ್ತರಿಸಿದೆ. ನನ್ನ ಕೈ ಈಗ ನಡುಗುತ್ತದೆ. ಅಕ್ಕ ಚಿಮಟದಲ್ಲಿ ಹಿಡಿದು ರೆಕ್ಕೆ ಕೆಳಗೆ ಇಟ್ಟಳು. ಅಂಟು ಒಣಗುವ ತನಕ ಅಲುಗಾಡಬೇಡ ಎಂದೆ. ಹತ್ತು ನಿಮಿಷ ಅಲುಗಾಡಲಿಲ್ಲ.

ಭಾನುವಾರದ ಸಭೆಗೆ ಅಕ್ಕನೂ ಬರುತ್ತಾಳೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಬಿಡಿ.

ನಮೋ ಬುದ್ಧಾಯ. ಜೈ ಭೀಮ್. 💙