ಕಣ್ಣಿಗೆ ಕಾಣದ ನೋವು

ಸೊಂಟನೋವಿಗೆ ಒಂದು ದೊಡ್ಡ ಕೊರತೆಯಿದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು, ಕೈ ಸುಟ್ಟರೆ ಬೊಬ್ಬೆ ಏಳುತ್ತದೆ. ಸೊಂಟ ಹಿಡಿದುಕೊಂಡು ಒಲೆಯ ಮುಂದೆ ನಿಂತವಳು ಮಾತ್ರ ನೋಡುವವರಿಗೆ ಬರೀ ನಿಂತವಳು. ನಿಂತಿದ್ದಾಳೆಂದರೆ ನಿಲ್ಲಬಲ್ಲಳೆಂದೇ ಲೆಕ್ಕ.

1996ರಲ್ಲಿ ನನಗೆ ಬಂದದ್ದು ಡಿಸ್ಕ್ ಜಾರಿದ ನೋವು. ಜಾರುವುದೆಂಬುದು ಬಾಯಿಮಾತು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಬಿರಿದು, ಒಳಗಿನ ತಿರುಳು ಹೊರಚಾಚಿ ನರವನ್ನು ಒತ್ತುತ್ತದೆ, ಅಷ್ಟೆ. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತೆ. ಒಂದೂವರೆ ತಿಂಗಳು ಹೇಳುತ್ತಲೇ ಇದ್ದೆ. "ಎಲ್ಲರಿಗೂ ಇದ್ದದ್ದೇ" ಎಂದರು ನಮ್ಮವರು. ಅತ್ತೆ ಎಳ್ಳೆಣ್ಣೆ ಬಿಸಿ ಮಾಡಿ ಕೊಟ್ಟರು. ಹಚ್ಚಿಕೊಂಡು ಬಂದ ಮೇಲೆ ದೋಸೆಗೆ ರುಬ್ಬಲು ಹೇಳಿದರು.

ಆಮೇಲೆ ಆಸ್ಪತ್ರೆಯಲ್ಲಿ ಟ್ರ್ಯಾಕ್ಷನ್ ಹಾಕಿದರು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಕಾಲ್ದೆಸೆಯಲ್ಲಿ ಕಬ್ಬಿಣದ ತೂಕ. ತೂಕ ನನ್ನನ್ನೇ ಎಳೆದುಕೊಂಡು ಹೋಗದಿರಲೆಂದು ಮಂಚದ ಆ ಕಡೆಯ ಕಾಲುಗಳಿಗೆ ಇಟ್ಟಿಗೆ. ಬಂದವರೆಲ್ಲ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಆ ತೂಕವನ್ನು. "ಅಯ್ಯೋ, ಇಷ್ಟೊಂದು ನೋವಿತ್ತೇನಮ್ಮಾ!" ಎಂದರು ಅತ್ತೆ. ನೋವು ಮೊದಲೂ ಅಷ್ಟೇ ಇತ್ತು. ಈಗ ಸಾಕ್ಷಿ ಸಿಕ್ಕಿತ್ತು. ನನ್ನ ಮಗ ಅನ್ನಕ್ಕಿಡಲು ಕಲಿತದ್ದು ಆ ವಾರವೇ.

ಈಗ ತಿಳಿದುಬಂದಿರುವುದೇನೆಂದರೆ, 2013ರಲ್ಲಿ ಕಾಕ್ರೇನ್ ಸಂಸ್ಥೆಯ ಸಂಶೋಧಕರು 32 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಟ್ರ್ಯಾಕ್ಷನ್ನಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೊರಚಾಚಿದ ತಿರುಳು ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕರಗುತ್ತದೆ. ದಿನಗಟ್ಟಲೆ ಮಲಗಬೇಡಿ, ಆದಷ್ಟು ಓಡಾಡಿ ಎನ್ನುತ್ತಾರೆ ಈಗಿನ ವೈದ್ಯರು. ಹಾಗಾದರೆ ನನ್ನ ಮಂಚಕ್ಕೆ ಕಟ್ಟಿದ್ದ ಕಬ್ಬಿಣ ಮಾಡಿದ್ದಾದರೂ ಏನು? ನನ್ನ ಮಾತಿಗೆ ತೂಕ ತಂದಿತು. "ಅಷ್ಟಾದರೂ ಆಯಿತಲ್ಲ, ತಪ್ಪೇನು?" ಎನ್ನುತ್ತಾಳೆ ಗೆಳತಿ. ತಪ್ಪಿದೆ. ಹಗ್ಗ ರಾಟೆ ಸಿಕ್ಕದವಳ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಸ್ಕ್ಯಾನ್ ತಾನೇ ಸಾಕ್ಷಿ ಎನ್ನಬಹುದು. 2015ರಲ್ಲಿ ಹೊರಬಂದ ಒಂದು ಪರಿಶೀಲನೆಯ ಪ್ರಕಾರ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇಕಡಾ 30, 80 ವರ್ಷದವರಲ್ಲಿ ಶೇಕಡಾ 84 ಮಂದಿಗೆ ಡಿಸ್ಕ್ ಉಬ್ಬಿದೆ! ಚಿತ್ರದಲ್ಲಿ ಉಬ್ಬಿದ್ದೂ ನೋವಿಲ್ಲ. ಚಿತ್ರ ಚೆನ್ನಾಗಿದ್ದೂ ಸೊಂಟ ಎತ್ತಲಾಗದವರಿದ್ದಾರೆ. ಕೊನೆಗೆ ಉಳಿಯುವುದು ನೊಂದವಳ ಬಾಯಿಮಾತೊಂದೇ.

ಅದನ್ನು ನಂಬುವುದು ಸುಲಭವಲ್ಲ ಬಿಡಿ. ನಮ್ಮ ಮನೆಗೆಲಸದವಳು "ಸೊಂಟ ಹಿಡ್ಕೊಂಡಿದೆ ಅಕ್ಕಾ" ಎಂದಾಗ ಮೂರು ದಿನ ಬರಬೇಡ, ಸಂಬಳ ಹಿಡಿಯುವುದಿಲ್ಲ ಎಂದೆ. "ನಾಳೆ ಸುಳ್ಳು ಹೇಳಿದರೆ?" ಎಂದರು ಪಕ್ಕದ ಮನೆಯವರು. ಹೇಳಬಹುದು. ಆಗ ನನಗೆ ಮೂರು ದಿನದ ಪಾತ್ರೆ ತಿಕ್ಕುವ ಕೆಲಸ. ನಿಜವೇ ಹೇಳಿ ನಾನು ನಂಬದಿದ್ದರೆ ಅವಳಿಗೆ ಬೀಳುವ ಕೆಲಸ ಅದಕ್ಕಿಂತ ಭಾರ.

ನಾಲ್ಕನೆಯ ದಿನ ಬಂದಳು. ಬಗ್ಗದೆ ನೆಲ ಒರೆಸಲೆಂದು ಉದ್ದ ಕೋಲಿನ ಮಾಪ್ ತಂದಿಟ್ಟಿದ್ದೆ. "ಇದರಲ್ಲಿ ಮೂಲೆ ಶುದ್ಧ ಆಗಲ್ಲ ಅಕ್ಕಾ" ಎಂದು ಗೊಣಗುತ್ತಲೇ ಒರೆಸಿದಳು.