ತವರದ ಸಿಪಾಯಿಯ ಕಣ್ಣು

ಕಳೆದ ದಸರೆಗೆ ಎಂಟು ದಿನ ಮುಂಚೆ ಇಂಗ್ಲೆಂಡಿನಿಂದ ನಮಗೊಂದು ಸಣ್ಣ ಪೆಟ್ಟಿಗೆ ಬಂದಿತು. ಹೊಸೂರು ಸೀಮೆಯ ಕನ್ನಡ ಶಾಲೆಯಲ್ಲಿ ನಮ್ಮಿಂದ ಪಾಠ ಹೇಳಿಸಿಕೊಂಡು, ಈಗ ಆ ದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಕಳುಹಿಸಿದ್ದು. ತೆರೆದು ನೋಡಿದರೆ ಹತ್ತಿಯ ನಡುವೆ ಹನ್ನೆರಡು ಮಂದಿ ಸಿಪಾಯಿಗಳು. ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದವರು. ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್, ಎಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಅಂಗಿಯ ಮೇಲೆ ಹುಲಿಪಟ್ಟೆ. ಟಿಪ್ಪು ಸುಲ್ತಾನನ ಪದಾತಿಗಳೆಂದು ತಿಳಿಯಲು ತಡವಾಗಲಿಲ್ಲ. ಭೂತಕನ್ನಡಿ ಹಿಡಿದಾಗ ಒಬ್ಬೊಬ್ಬನ ಕಣ್ಣಿನಲ್ಲಿಯೂ ಬಿಳುಪು, ಅದರ ನಡುವೆ ಕರಿಯ ಗುಡ್ಡೆ ಕಂಡವು.

ತಾನೇ ಇವರಿಗೆ ಬಣ್ಣ ಹಾಕಿದ್ದೆಂದೂ, ಬಿಡುವಿನ ದಿನಗಳಲ್ಲಿ ಗೆಳೆಯರೊಡನೆ ಮೇಜಿನ ಮೇಲೆ 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡುವುದುಂಟೆಂದೂ ಅವನು ಬರೆದಿದ್ದ. ಕೊನೆಯಲ್ಲಿ ಒಂದು ಸಾಲು: 'ಗುರುಗಳೇ, ಸತ್ತವರನ್ನು ಹೀಗೆ ಆಟವಾಡಿಸುವುದು ತಪ್ಪೇ?' ಪ್ರಶ್ನೆ ಚಿಕ್ಕದು. ಉತ್ತರಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಸಂಘದ ಮಿತ್ರರು ಈ ಸಂಚಿಕೆಗೆ ಲೇಖನ ಬೇಕೆಂದಾಗ ಆ ಉತ್ತರವನ್ನೇ ತುಸು ಹಿಗ್ಗಿಸಿ ವಾಚಕರ ಮುಂದಿಡಲು ಮನಸ್ಸಾಯಿತು.

ಆಟದ ರೀತಿಯನ್ನು ಅವನ ಪತ್ರಗಳಿಂದ ತಿಳಿದುಕೊಂಡೆವು. ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆ. ಎಷ್ಟು ಅಂಗುಲ ನಡೆಯಬಹುದೆಂದು ಅಳತೆಪಟ್ಟಿ ಹೇಳುತ್ತದೆ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ತಗುಲಿದವನನ್ನು ಎತ್ತಿ ಮೇಜಿನಿಂದ ಆಚೆ ಇಡುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಇಂಥ ಆಟಕ್ಕೆ ನಿಯಮಗಳನ್ನು ಕಟ್ಟಿದ. ದೊಡ್ಡ ಯುದ್ಧಗಳ ಹುಚ್ಚಿಗಿಂತ ನೆಲದ ಮೇಲಿನ ಈ ಚಿಕ್ಕ ಯುದ್ಧ ಎಷ್ಟೋ ಮೇಲು ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಯುದ್ಧಗಳನ್ನೆಲ್ಲ ಮುಗಿಸುವ ಯುದ್ಧವೆಂದು ಅದನ್ನು ಬೆಂಬಲಿಸಿ ಬರೆದವನೂ ಅದೇ ವೆಲ್ಸ್. ಆಟಿಕೆಯು ಅವನ ಕಾಲವನ್ನು ಕಾಪಾಡಲಿಲ್ಲ, ಅವನನ್ನೂ ಕಾಪಾಡಲಿಲ್ಲ. ಹಾಗೆಂದು ಆ ಯುದ್ಧವನ್ನು ಆಟಿಕೆ ತಂದಿತೆನ್ನಲೂ ಆಗದು.

ಆನೆ, ಕುದುರೆ, ರಥ, ಕಾಲಾಳುಗಳ ಚದುರಂಗವನ್ನು ನಾವೆಲ್ಲ ಆಡಿದ್ದೇವೆ. ಕಾಲಾಳನ್ನು ಬಲಿಕೊಡುವಾಗ ಯಾರೂ ಮರುಗಿದ್ದಿಲ್ಲ. ಅವನಿಗೆ ಮುಖವೇ ಇಲ್ಲ. ನಮ್ಮ ಶಿಷ್ಯನ ತೊಡಕು ಇರುವುದು ಮುಖದಲ್ಲಿ. ಎರಕದ ಅಂಚುಗಳನ್ನು ಅರದಿಂದ ಉಜ್ಜಿ, ತೊಳೆದು, ಮೊದಲು ಅಡಿಬಣ್ಣ ಹಚ್ಚಬೇಕು. ಅದರ ಮೇಲೆ ಉಡುಪಿನ ಬಣ್ಣ. ಆಮೇಲೆ ನೀರಾಗಿಸಿದ ಕಂದುಬಣ್ಣವನ್ನು ಮೈಮೇಲೆ ಹರಿಸಿದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಾಗಿ ನಿಲ್ಲುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಒಣಗಿದಂತಿರುವ ತುದಿಯಿಂದ ಉಬ್ಬುಗಳನ್ನು ತಿಳಿಯಾಗಿಸಬೇಕು. ಕಣ್ಣು ಬರೆಯುವಾಗ ಮಣಿಕಟ್ಟನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಒಂದೇ ಚುಕ್ಕೆ. ತಪ್ಪಿದರೆ ಸಿಪಾಯಿಗೆ ಮೆಳ್ಳೆಗಣ್ಣು. ಒಬ್ಬನಿಗೆ ಮೂರು ಗಂಟೆ ಹಿಡಿಯುತ್ತದೆಂದು ಅವನ ಲೆಕ್ಕ. ಇಷ್ಟು ಅಕ್ಕರೆಯಿಂದ ಮುಖ ಕೊಟ್ಟವನನ್ನೇ ಅವನು ದಾಳದ ಬಾಯಿಗೆ ಕೊಡುತ್ತಾನೆ. ಹೊಸದಾಗಿ ಬಣ್ಣ ಕಂಡವನೇ ಮೊದಲು ಸಾಯುತ್ತಾನೆಂದು ಆಟಗಾರರಲ್ಲಿ ಒಂದು ತಮಾಷೆಯ ನಂಬಿಕೆಯಂತೆ.

ಮೊದಲು ನಮಗೆ ಇದು ಸಹಿಸಲಾರದ್ದೆನಿಸಿತು. 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ವೆಲ್ಲೂರಿನಿಂದ ಹೊರಟು ಶ್ರೀರಂಗಪಟ್ಟಣದತ್ತ ಸಾಗಿದ್ದು ರಾಯಕೋಟೆಯ ಹಾದಿಯಲ್ಲಿ. ಆ ಬೆಟ್ಟಕ್ಕೆ ನಾವು ಎಷ್ಟೋ ಸಲ ಮಕ್ಕಳನ್ನು ಕರೆದೊಯ್ದಿದ್ದೇವೆ. ಮೇ 4ರಂದು ಕೋಟೆಯ ಬಿರುಕಿನಲ್ಲಿ ಬಿದ್ದವರು ಯಾರದೋ ಮನೆಯ ಅನ್ನದಾತರು. ಅವರನ್ನು ಶನಿವಾರದ ಕಾಲಕ್ಷೇಪಕ್ಕೆ ಮೇಜಿಗೆ ತರುವುದೇ? ಆದರೆ ಸುಲ್ತಾನನ ಹುಲಿಯೂ ನೆನಪಾಯಿತು. ಬಿದ್ದ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿರುವ ಆ ಮರದ ಯಂತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿ ತಿರುಗಿಸಿದರೆ ಬಿದ್ದವನ ಕೈ ಆಡುವುದು, ನರಳಾಟ ಕೇಳುವುದು. ಸಾವನ್ನು ಆಟಿಕೆ ಮಾಡಿದ್ದು ಒಂದೇ ಪಕ್ಷವಲ್ಲ.

ವಿಲಿಯಂ ಸಿಬೋರ್ನ್ ಎಂಬ ಆಂಗ್ಲ ಸೇನಾಧಿಕಾರಿಯ ಕಥೆ ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚಿತು. 1815ರ ವಾಟರ್‌ಲೂ ಯುದ್ಧದ ಸಂಜೆಯ ಒಂದು ಗಳಿಗೆಯನ್ನು ಅವನು ಎಪ್ಪತ್ತು ಸಾವಿರಕ್ಕೂ ಮಿಕ್ಕ ಪುಟ್ಟ ಲೋಹದ ಗೊಂಬೆಗಳಲ್ಲಿ ಕಟ್ಟಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಅದಕ್ಕಾಗಿ ರಣಭೂಮಿಯಲ್ಲಿ ತಿಂಗಳುಗಟ್ಟಲೆ ಅಳತೆ ಮಾಡಿದ. ಬದುಕಿ ಉಳಿದವರಿಗೆ ಪತ್ರ ಬರೆದು, ಆ ಗಳಿಗೆಯಲ್ಲಿ ಎಲ್ಲಿದ್ದಿರಿ, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಪೈರಿತ್ತು ಎಂದು ವಿಚಾರಿಸಿದ. ಸರ್ಕಾರ ಹಣ ನಿಲ್ಲಿಸಿದಾಗ ಸಾಲಕ್ಕೆ ಬಿದ್ದ. ಇಂಥ ನಿಷ್ಠೆಗೆ ಯಾರು ತಲೆಬಾಗರು! ಆದರೆ ಅವನು ಪತ್ರ ಬರೆದದ್ದು ಅಧಿಕಾರಿಗಳಿಗೆ. ಸಾಲಿನಲ್ಲಿ ನಿಂತ ಸಾಮಾನ್ಯ ಸಿಪಾಯಿಯನ್ನು, ನೀನು ಏನು ಕಂಡೆಯಪ್ಪಾ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಗೊಂಬೆಗಳ ಬಹುಪಾಲು ಅವನದೇ, ಮಾತು ಮಾತ್ರ ಅವನದಲ್ಲ. ಗೊಂಬೆಯ ಮೇಲಿನ ಅಕ್ಕರೆ ಮನುಷ್ಯನ ಮೇಲಿನ ಅಕ್ಕರೆಯೇ ಆಗಬೇಕೆಂದಿಲ್ಲ ಎಂದು ಶಿಷ್ಯನಿಗೆ ಬರೆಯಲು ಇಷ್ಟು ಸಾಕೆಂದುಕೊಂಡೆವು. ನಮ್ಮ ಸೀಮೆಯ ಹೊಲಗಳಲ್ಲಿ ನಿಂತಿರುವ ವೀರಗಲ್ಲುಗಳ ಮಾತನ್ನೂ ಸೇರಿಸಬೇಕೆಂದಿದ್ದೆವು. ಕಂಡರಿಸಿದವನ ಕೈ ಎಷ್ಟೋ ಕಡೆ ಒರಟು; ಆದರೂ ಆ ಕಲ್ಲು ಒಬ್ಬನಿಗಾಗಿ, ಅವನು ಬಿದ್ದ ಕಾರಣಕ್ಕಾಗಿ ನೆಟ್ಟದ್ದು.

ಪತ್ರ ಅರ್ಧವಾಗಿದ್ದಾಗ ನವರಾತ್ರಿ ಬಂದಿತು. ಮೊಮ್ಮಗಳು ನಮ್ಮನ್ನು ಕೇಳದೆಯೇ ಆ ಹನ್ನೆರಡು ಮಂದಿಯನ್ನು ಗೊಂಬೆಗಳ ಕೆಳಮೆಟ್ಟಿಲಿನಲ್ಲಿ, ಚನ್ನಪಟ್ಟಣದ ತರಕಾರಿ ಮಾರುವವಳ ಎದುರಿಗೆ ಸಾಲಾಗಿ ನಿಲ್ಲಿಸಿದಳು. ಗೊಂಬೆ ನೋಡಲು ಬಂದವರಲ್ಲಿ ನಮ್ಮ ಇನ್ನೊಬ್ಬ ಹಳೆಯ ಶಿಷ್ಯನಿದ್ದ. ಹತ್ತನೆಯ ತರಗತಿ ಮುಗಿಸಿ ಸೈನ್ಯಕ್ಕೆ ಸೇರಿ, ನೆಲಬಾಂಬಿಗೆ ಎಡಗಾಲನ್ನು ಕೊಟ್ಟು ಊರಿಗೆ ಮರಳಿದವನು. ಅವನನ್ನು ಕಂಡೊಡನೆ ಸಿಪಾಯಿಗಳನ್ನು ಮರೆಮಾಡೋಣವೆನಿಸಿತು. ಅಷ್ಟರಲ್ಲಿ ಅವನು ಕುರ್ಚಿ ಎಳೆದು ಕುಳಿತು ಒಬ್ಬನನ್ನು ಅಂಗೈಗೆ ತೆಗೆದುಕೊಂಡಿದ್ದ. ಬಹಳ ಹೊತ್ತು ನೋಡಿದ. 'ಚೆನ್ನಾಗಿ ಮಾಡಿದ್ದಾನೆ ಸರ್. ಆದರೆ ಬಟ್ಟೆ ತೀರ ಶುಭ್ರ,' ಎಂದ. ಸ್ವಲ್ಪ ತಡೆದು ನಕ್ಕು, 'ಪರೀಕ್ಷೆಯಲ್ಲಿ ತಾವು ಸತ್ತವರ ಸಂಖ್ಯೆ ಕೇಳುತ್ತಿದ್ದಿರಿ. ನಾನು ಒಂದು ಸೊನ್ನೆ ಕಡಿಮೆ ಬರೆದೆ. ಒಂದು ಅಂಕ ಹೋಯಿತು,' ಎಂದ.

ಅವನಿಗೆ ಅದು ತಮಾಷೆ. ನಮಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನಾವು ಕರಿಹಲಗೆಯ ಮೇಲೆ ಸೀಮೆಸುಣ್ಣದ ಬಾಣಗಳಿಂದ ಸೈನ್ಯಗಳನ್ನು ನಡೆಸಿದೆವು. ಇಲ್ಲಿ ಟಿಪ್ಪು, ಅಲ್ಲಿ ಕಾರ್ನ್‌ವಾಲಿಸ್. ಗಂಟೆ ಹೊಡೆದೊಡನೆ ಎಲ್ಲರನ್ನೂ ಒರೆಸಿ ಮುಂದಿನ ಪಿರಿಯಡ್ಡಿನ ಗಣಿತಕ್ಕೆ ಹಲಗೆ ಬಿಟ್ಟುಕೊಟ್ಟೆವು. ಗದಾಯುದ್ಧವನ್ನು ಪಾಠ ಮಾಡುವಾಗ, ಹೆಣಗಳ ನಡುವೆ ತನ್ನವರನ್ನು ಗುರುತಿಸುತ್ತ ನಡೆಯುವ ದುರ್ಯೋಧನನ ಸಂಕಟಕ್ಕೆ ನಮ್ಮ ಧ್ವನಿ ಗದ್ಗದವಾಗುತ್ತಿತ್ತು; ಮುಂದಿನ ಚರಿತ್ರೆಯ ತರಗತಿಯಲ್ಲಿ ಅದೇ ಧ್ವನಿ ಸತ್ತವರ ಲೆಕ್ಕವನ್ನು ಬಾಯಿಪಾಠ ಮಾಡಿಸುತ್ತಿತ್ತು. ಒಬ್ಬನ ಕಣ್ಣಿಗಾಗಿ ಉಸಿರು ಹಿಡಿದವನು ನಮ್ಮನ್ನು ಕೇಳುತ್ತಾನೆ, ಇದು ತಪ್ಪೇ ಎಂದು.

ಅರ್ಧ ಬರೆದ ಪತ್ರವನ್ನು ಹರಿದು ಬೇರೆ ಬರೆದೆವು. ಆಟ ಬಿಡೆಂದು ಹೇಳುವ ಅಧಿಕಾರ ನಮಗಿಲ್ಲವೆಂದೆವು. ಮುಖ ಕೊಡುವುದು ತಪ್ಪಲ್ಲ. ಕೊಟ್ಟ ಮೇಲೆ, ಎತ್ತಿ ಆಚೆ ಇಡುವ ಕ್ಷಣದಲ್ಲಿ, ಅದನ್ನು ನೋಡದಿರುವುದು ತಪ್ಪೆಂದು ನಮಗೆ ತೋರುತ್ತದೆಂದೆವು. ನೋಡಿದರೆ ಆಟದ ರುಚಿ ಕೆಡಬಹುದು. ಅದನ್ನು ಅವನೇ ಕಂಡುಕೊಳ್ಳಲಿ. ಗಾಯಗೊಂಡು ಬಿದ್ದವರ ಅಚ್ಚುಗಳೂ, ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿಯ ಅಚ್ಚೂ ಸಿಗುತ್ತವೆಂದು ಅವನೇ ಹಿಂದೊಮ್ಮೆ ಬರೆದಿದ್ದ. ಸಾಧ್ಯವಾದರೆ ಬರುವ ದಸರೆಯೊಳಗೆ ಅಂಥ ಒಬ್ಬಿಬ್ಬರನ್ನು ಕಳುಹಿಸೆಂದೂ, ಬಟ್ಟೆಗೆ ಸ್ವಲ್ಪ ಕೆಸರು ಹಚ್ಚೆಂದೂ ಕೇಳಿಕೊಂಡೆವು. ಅಂದು ಕಳೆದ ಒಂದು ಅಂಕದ ವಿಷಯವನ್ನೂ ಬರೆದೆವು. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು.